ಹೆಣ್ಣಿನ ಮನಸ್ಸಿನ ಬಾಗಿಲು ತೆರೆದ ತ್ರಿವೇಣಿ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದೆ. ಈ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ದೊಡ್ಡವರೊಬ್ಬರ ಜೀವನ ಚರಿತ್ರೆ ಬರೆದುಕೊಡಬೇಕು ಅಂತ ಸಂಪಾದಕ ಸಮಿತಿಯವರು ನಮಗೆ ಹೇಳಿದರು. ಇಂಥ ಸಂಚಿಕೆಗಳಲ್ಲಿ ಕನ್ನಂಬಾಡಿ ಕಟ್ಟೆಯ ವಿಶ್ವೇಶ್ವರಯ್ಯನವರ ಬಗ್ಗೆಯೋ, 1905ರಲ್ಲಿ ಕಣಗಿನಹಾಳದಲ್ಲಿ ಮೊದಲ ಸಹಕಾರ ಸಂಘ ಕಟ್ಟಿದ ಸಿದ್ದನಗೌಡ ಪಾಟೀಲರ ಬಗ್ಗೆಯೋ, ಕ್ಷೀರಕ್ರಾಂತಿಯ ಕುರಿಯನ್ ಅವರ ಬಗ್ಗೆಯೋ ಬರೆಯುವುದು ವಾಡಿಕೆ. ಅವರೆಲ್ಲ ಪೂಜ್ಯರೇ, ಎರಡು ಮಾತಿಲ್ಲ. ಆದರೆ ನಾವು ಈ ಸಲ ಒಬ್ಬ ಹೆಣ್ಣುಮಗಳ ಬಗ್ಗೆ ಬರೆಯೋಣ ಅಂದುಕೊಂಡೆವು. ಯಾಕೆಂದರೆ ಕೋಳಿ ಕೂಗುವ ಹೊತ್ತಿಗೆ ಎದ್ದು ಸಗಣಿ ಬಾಚಿ, ಹುಲ್ಲು ಹಾಕಿ, ಹಾಲು ಕರೆದು ಡೈರಿ ಮುಂದೆ ಬಂದು ನಿಲ್ಲುವವರಲ್ಲಿ ಬಹುಪಾಲು ಹೆಂಗಸರು. ಹಸುವಿಗೆ ಕೆಚ್ಚಲು ಬಾವು ಬಂದರೆ ನಾವು ಅದೇ ಗಳಿಗೆಯಲ್ಲಿ ಡಾಕ್ಟರಿಗೆ ಫೋನ್ ಮಾಡುತ್ತೇವೆ. ಹಾಲು ಕರೆಯುವವಳ ಮನಸ್ಸಿಗೆ ನೋವಾದರೆ ಯಾರಿಗೆ ಹೇಳುತ್ತೇವೆ? ಈ ಪ್ರಶ್ನೆಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಕೇಳಿದವರು ಕಾದಂಬರಿಗಾರ್ತಿ ತ್ರಿವೇಣಿ. ಅವರ ಮನೆತನದ ಬೇರು ನಮ್ಮ ಮಂಡ್ಯ ಜಿಲ್ಲೆಯದು ಎಂಬುದು ನಮಗೆ ಇನ್ನೊಂದು ಹೆಮ್ಮೆ.

ನಾವು ಎಸ್ಸೆಸ್ಸೆಲ್ಸಿವರೆಗೆ ಓದಿದ ರೈತರು, ಸಾಹಿತ್ಯ ಪಂಡಿತರಲ್ಲ. ಮೊದಲು ನೋಡಿದ್ದು ದೂರದರ್ಶನದಲ್ಲಿ ಬಂದ ಸಿನಿಮಾ, ಆಮೇಲೆ ಗ್ರಂಥಾಲಯದಿಂದ ತಂದು ಓದಿದ್ದು ಪುಸ್ತಕ. ತಿಳಿದಷ್ಟನ್ನು ತಮ್ಮ ಮುಂದೆ ಇಡುತ್ತಿದ್ದೇವೆ.

ಮನೆತನ ಮತ್ತು ಹುಟ್ಟು

ನಾಗಮಂಗಲ ತಾಲ್ಲೂಕಿನ ಬೆಳ್ಳೂರು ನಮಗೆಲ್ಲ ಗೊತ್ತಿರುವ ಊರು. ಆ ಊರಿನ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದವರು. ಅವರ ಮಗನೇ ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ, ಅಂದರೆ ನಾವು ಶಾಲೆಯಲ್ಲಿ ಬಿ.ಎಂ.ಶ್ರೀ ಅಂತ ಓದಿದ ಕನ್ನಡದ ಕಣ್ವ. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು ಹೊಸಗನ್ನಡ ಕಾವ್ಯಕ್ಕೆ ದಾರಿ ಮಾಡಿಕೊಟ್ಟವರು ಅವರು. ಬಿ.ಎಂ.ಶ್ರೀಯವರ ತಮ್ಮ ಬಿ.ಎಂ. ಕೃಷ್ಣಸ್ವಾಮಿ. ಕೃಷ್ಣಸ್ವಾಮಿ ಮತ್ತು ತಂಗಮ್ಮ ದಂಪತಿಗಳ ಮಗಳೇ ನಮ್ಮ ಕಥಾನಾಯಕಿ. ಹುಟ್ಟಿದ್ದು 1928ರ ಸೆಪ್ಟೆಂಬರ್ 1ರಂದು. ಆಗ ಮಂಡ್ಯ ಜಿಲ್ಲೆ ಅಂತ ಇನ್ನೂ ಆಗಿರಲಿಲ್ಲ. ನಮ್ಮ ಮದ್ದೂರು, ಮಳವಳ್ಳಿ ಎಲ್ಲವೂ ಮೈಸೂರು ಜಿಲ್ಲೆಗೇ ಸೇರಿದ್ದವು. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ.

ಮಗುವಿಗೆ ಮನೆಯಲ್ಲಿ ಇಟ್ಟ ಹೆಸರು ಭಾಗೀರಥಿ. ಶಾಲೆಗೆ ಸೇರಿಸುವಾಗ ಅನಸೂಯ ಆಯಿತು. ಮುಂದೆ ಬರೆಯುವುದಕ್ಕೆ ಕುಳಿತಾಗ ತಾವೇ ಇಟ್ಟುಕೊಂಡ ಹೆಸರು ತ್ರಿವೇಣಿ. ಮನೆಯವರು ಕೊಟ್ಟದ್ದೊಂದು, ಶಾಲೆಯಲ್ಲಿ ಬಂದದ್ದೊಂದು, ತಾನೇ ಸಂಪಾದಿಸಿದ್ದೊಂದು. ನಾಡಿನಲ್ಲಿ ಉಳಿದದ್ದು ಈ ಮೂರನೆಯದು.

ಆ ಮನೆತನದ ಹೆಣ್ಣುಮಕ್ಕಳ ಕೈಯಲ್ಲಿ ಅದೇನೋ ಲೇಖನಿಯ ಯೋಗವಿತ್ತು ಅನ್ನಬೇಕು. ದೊಡ್ಡಪ್ಪನ ಮಗಳು ವಾಣಿ 1917ರಲ್ಲಿ ಶ್ರೀರಂಗಪಟ್ಟಣದಲ್ಲಿ ಹುಟ್ಟಿದವರು. 'ಎರಡು ಕನಸು', 'ಶುಭಮಂಗಳ', 'ಹೊಸ ಬೆಳಕು' ಸಿನಿಮಾಗಳ ಕಥೆ ಬರೆದವರು ಇವರೇ. ತಂಗಿ ಆರ್ಯಾಂಬ ಪಟ್ಟಾಭಿ 1936ರಲ್ಲಿ ಮಂಡ್ಯದಲ್ಲಿ ಹುಟ್ಟಿದರು, ಅವರೂ ಹೆಸರಾಂತ ಲೇಖಕಿ. ಅವರ ಕಥೆಯಿಂದ 'ಕಪ್ಪು ಬಿಳುಪು' ಸಿನಿಮಾ ಆಯಿತು. ಆಗಿನ ಮಂಡ್ಯ ನಾಲೆ ನೀರು ಕಂಡು ಕಬ್ಬು ಹಾಕಲು ಕಲಿಯುತ್ತಿದ್ದ ಊರು. ಸಕ್ಕರೆ ಕಾರ್ಖಾನೆ ಶುರುವಾಗಿ ಎರಡು ಮೂರು ವರ್ಷವಾಗಿತ್ತು ಅಷ್ಟೆ.

ಓದು

ಆ ಕಾಲದಲ್ಲಿ ಹೆಣ್ಣುಮಕ್ಕಳು ಕಾಲೇಜು ಮೆಟ್ಟಿಲು ಹತ್ತುವುದೇ ಅಪರೂಪ. ನಮ್ಮ ಹಳ್ಳಿಗಳಲ್ಲಿ ಹುಡುಗಿಯರು ನಾಲ್ಕನೇ ಕ್ಲಾಸು ಮುಟ್ಟಿದರೆ ದೊಡ್ಡದು. ಅನಸೂಯ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿ, ದೇಶಕ್ಕೆ ಸ್ವಾತಂತ್ರ್ಯ ಬಂದ 1947ರಲ್ಲಿ ಚಿನ್ನದ ಪದಕದೊಂದಿಗೆ ಬಿ.ಎ. ಮುಗಿಸಿದರು. ಮನಶ್ಶಾಸ್ತ್ರ ಅಂದರೆ ಮನುಷ್ಯನ ಮನಸ್ಸು ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ ಎಂದು ತಿಳಿಯುವ ವಿದ್ಯೆ. ಮೈಸೂರಿನಲ್ಲಿ ಆ ವಿಭಾಗವನ್ನು ಬೆಳೆಸಿದವರು ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರುಮಾಡಿದವರೂ ಇವರೇ, ಅದೇ ಆಕಾಶವಾಣಿ.

ಈ ಓದು ತ್ರಿವೇಣಿಯವರಿಗೆ ಬರೀ ಸರ್ಟಿಫಿಕೇಟ್ ಆಗಿ ಉಳಿಯಲಿಲ್ಲ. ಜನ ದೆವ್ವ ಅಂದದ್ದನ್ನು, ಕರ್ಮ ಅಂದದ್ದನ್ನು, ಹೆಣ್ಣಿನ ಹಟ ಅಂದದ್ದನ್ನು ಅವರು ಕಾಯಿಲೆ ಅಂತ ಗುರುತಿಸಿದರು. ಕಾಯಿಲೆ ಅಂದ ಮೇಲೆ ಅದಕ್ಕೊಂದು ಕಾರಣ ಇರುತ್ತದೆ, ಒಂದು ಔಷಧಿ ಇರುತ್ತದೆ. ಅವರ ಒಳ್ಳೆಯ ಕಾದಂಬರಿಗಳ ಬೇರು ಇರುವುದು ಇಲ್ಲಿಯೇ.

ಸಂಸಾರ ಮತ್ತು ಬರವಣಿಗೆ

ಮೈಸೂರಿನ ಶಾರದಾವಿಲಾಸ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಎಸ್.ಎನ್. ಶಂಕರ್ ಅವರನ್ನು ಅನಸೂಯ ಮದುವೆಯಾದರು. ಅವರ ಬಾಳು ನಡೆದದ್ದು ಮೈಸೂರಿನ ಚಾಮರಾಜಪುರಂನಲ್ಲಿ. ಸಭೆ, ಭಾಷಣ, ಮೆರವಣಿಗೆ ಅಂತ ಹೋದವರಲ್ಲ. ಮೈಯಲ್ಲಿ ಆರೋಗ್ಯವೂ ಅಷ್ಟಾಗಿ ಇರಲಿಲ್ಲ. ಉಬ್ಬಸದ ಕಾಟ ಬೆನ್ನಿಗೇ ಅಂಟಿತ್ತು. ಗರ್ಭ ನಿಲ್ಲದ ನೋವನ್ನೂ ಉಂಡರು. ಇಷ್ಟರ ನಡುವೆ 1953ರಲ್ಲಿ ಅವರ ಮೊದಲ ಕಾದಂಬರಿ 'ಅಪಸ್ವರ' ಹೊರಬಂತು. ಅಲ್ಲಿಂದ ಹತ್ತೇ ವರ್ಷ. ಅಷ್ಟರಲ್ಲಿ ಸುಮಾರು ಇಪ್ಪತ್ತು ಕಾದಂಬರಿ, 'ಎರಡು ಮನಸ್ಸು', 'ಸಮಸ್ಯೆಯ ಮಗು', 'ಹೆಂಡತಿಯ ಹೆಸರು' ಎಂಬ ಮೂರು ಕಥಾ ಸಂಕಲನ ಬರೆದರು. ವರ್ಷಕ್ಕೆ ಎರಡು ಬೆಳೆ ತೆಗೆದ ಹಾಗೆ ವರ್ಷಕ್ಕೆ ಎರಡು ಪುಸ್ತಕ! 'ಅವಳ ಮನೆ' ಕಾದಂಬರಿಗೆ ರಾಜ್ಯ ಪ್ರಶಸ್ತಿಯೂ ಬಂತು.

ಓದುಗರು ಮುಗಿಬಿದ್ದು ಓದಿದರು, ಅದರಲ್ಲೂ ಹೆಂಗಸರು. ಬಾಡಿಗೆಗೆ ಪುಸ್ತಕ ಕೊಡುವ ಲೈಬ್ರರಿಗಳಲ್ಲಿ ತ್ರಿವೇಣಿಯವರ ಪುಸ್ತಕ ಕಪಾಟಿನಲ್ಲಿ ನಿಲ್ಲುತ್ತಲೇ ಇರಲಿಲ್ಲವಂತೆ. ಆದರೆ ಹೆಂಗಸರು ಮೆಚ್ಚಿ ಓದಿದ್ದಕ್ಕೇ ಕೆಲವು ವಿದ್ವಾಂಸರ ಕಣ್ಣಿಗೆ ಅದು ಹಗುರವಾಯಿತು. ಹೆಂಗಸರು ಬರೆದದ್ದನ್ನು ಅಡುಗೆ ಮನೆ ಸಾಹಿತ್ಯ ಅಂತ ಪಕ್ಕಕ್ಕೆ ಸರಿಸುವುದು ಆ ಕಾಲದ ಚಾಳಿ. ಮನೆಗಳಲ್ಲಿ ಕೂಡ ಸೊಸೆ ಕಾದಂಬರಿ ಹಿಡಿದು ಕೂತರೆ ಅತ್ತೆಗೆ ಸಿಟ್ಟು. ನಮ್ಮ ಪ್ರಶ್ನೆ ಇಷ್ಟೇ. ಒಲೆ ಮುಂದೆ ಕೂತು ಬೇಯುವವಳ ಸಂಕಟ ಒಲೆ ಮುಂದೆಯೇ ತಾನೆ ಹುಟ್ಟಬೇಕು? ಅದನ್ನು ಬರೆದರೆ ಅದು ಹೇಗೆ ಸಣ್ಣದಾಯಿತು?

ಸಮಾಜದ ಎದುರು ನಿಂತ ಪಾತ್ರಗಳು

ತ್ರಿವೇಣಿಯವರು ತಾವು ಜಗಳಕ್ಕೆ ಹೋದವರಲ್ಲ, ತಮ್ಮ ಪಾತ್ರಗಳನ್ನು ಕಳುಹಿಸಿದರು. ಆ ಪಾತ್ರಗಳೂ ಕೂಗಾಡುವವರಲ್ಲ. ಮೆತ್ತಗಿನ ಮಾತಿನ, ಮನೆ ಮರ್ಯಾದೆಯ ಹೆಣ್ಣುಮಕ್ಕಳು. ಆದರೂ ಸಮಾಜ ಅವರನ್ನು ಸುಮ್ಮನೆ ಬದುಕಲು ಬಿಡುವುದಿಲ್ಲ.

'ಹೂವು ಹಣ್ಣು' ಕಾದಂಬರಿಯಲ್ಲಿ ಹೊಟ್ಟೆಪಾಡಿಗೆ ಮೈ ಮಾರಿಕೊಳ್ಳಬೇಕಾಗಿ ಬಂದ ತಾಯಿಯೊಬ್ಬಳಿದ್ದಾಳೆ. ತನ್ನ ಬಾಳಿನ ನೆರಳು ಮಗಳ ಮೇಲೆ ಬೀಳಬಾರದು ಎಂಬುದೊಂದೇ ಅವಳ ಹಂಬಲ. ಅದೇ ಕಾಲದಲ್ಲಿ ಅ.ನ.ಕೃಷ್ಣರಾಯರು ವೇಶ್ಯೆಯರ ಬಾಳಿನ ಬಗ್ಗೆ ಬರೆದದ್ದಕ್ಕೆ ಅಶ್ಲೀಲ ಅಂತ ದೊಡ್ಡ ಗಲಾಟೆಯೇ ಆಗಿತ್ತು. ಗಂಡಸು ಬರೆದರೇ ಹಾಗೆ. ಮನೆವಂದಿಗ ಹೆಣ್ಣುಮಗಳೊಬ್ಬಳು ಆ ವಿಷಯ ಎತ್ತಿಕೊಳ್ಳುವುದಕ್ಕೆ ಎಷ್ಟು ಎದೆಗಾರಿಕೆ ಬೇಕಿತ್ತು ಯೋಚನೆ ಮಾಡಿ.

'ಹಣ್ಣೆಲೆ ಚಿಗುರಿದಾಗ' ಕಾದಂಬರಿಯಲ್ಲಿ ಗಂಡನನ್ನು ಕಳೆದುಕೊಂಡ ಮಗಳ ಮರುಮದುವೆಯ ಪ್ರಶ್ನೆ ಬರುತ್ತದೆ. ವಿಧವೆಯರ ಮದುವೆಗೆ ಬ್ರಿಟಿಷ್ ಸರ್ಕಾರ 1856ರಲ್ಲೇ ಕಾನೂನು ಮಾಡಿತ್ತು. ನೂರು ವರ್ಷ ಕಳೆದರೂ ಕಾದಂಬರಿಯಲ್ಲಿ ಅದು ಸಮಸ್ಯೆಯಾಗಿಯೇ ಉಳಿದಿತ್ತು ಅಂದರೆ ಕಾನೂನಿಗೂ ಮನೆಯ ಹೊಸ್ತಿಲಿಗೂ ಎಷ್ಟು ದೂರ ನೋಡಿ. ನಮ್ಮ ಒಕ್ಕಲು ಮಕ್ಕಳಲ್ಲಿ ಕೂಡಿಕೆ ಅಂತ ಪದ್ಧತಿ ಇತ್ತು, ನಮ್ಮಲ್ಲಿ ಆ ತೊಂದರೆ ಇರಲಿಲ್ಲ ಅಂತ ಹಿರಿಯರು ಹೇಳುತ್ತಾರೆ. ನಿಜ. ಆದರೆ ಕೂಡಿಕೆಯಾದವಳನ್ನು ಹಸೆಮಣೆ ಹತ್ತಿರ ಬಿಟ್ಟುಕೊಂಡಿದ್ದರೇ? ಧಾರೆಗೆ, ಆರತಿಗೆ ಕರೆಯುತ್ತಿದ್ದರೇ? ಬಾಳು ಕೊಟ್ಟು ಮರ್ಯಾದೆ ಕೊಡದಿದ್ದರೆ ಅದು ಅರ್ಧ ಕೊಟ್ಟ ಹಾಗೆ.

'ಬೆಳ್ಳಿ ಮೋಡ'ದ ಇಂದಿರಾಳ ಕಥೆ ಬಹಳ ಜನರಿಗೆ ಗೊತ್ತು. ದೊಡ್ಡ ಎಸ್ಟೇಟಿನ ಒಬ್ಬಳೇ ಮಗಳು. ಅವಳನ್ನು ಮದುವೆಯಾಗುತ್ತೇನೆಂದು ಒಪ್ಪಿದ ಮೋಹನ ಅವಳ ಅಪ್ಪನ ದುಡ್ಡಿನಲ್ಲೇ ಅಮೆರಿಕಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಇಂದಿರಾಳ ತಾಯಿಗೆ ಗಂಡುಮಗು ಹುಟ್ಟುತ್ತದೆ. ಆಸ್ತಿಗೆ ಗಂಡು ವಾರಸುದಾರ ಬಂದ ಮೇಲೆ ಮೋಹನನ ಮನಸ್ಸು ತಿರುಗುತ್ತದೆ. ಮುಂದೆ ಅವನು ಪೆಟ್ಟಾಗಿ ಮಲಗಿದಾಗ ಇಂದಿರಾಳೇ ಆರೈಕೆ ಮಾಡುತ್ತಾಳೆ. ಅವನು ಪಶ್ಚಾತ್ತಾಪಪಟ್ಟು ಮದುವೆಯಾಗೋಣ ಎನ್ನುತ್ತಾನೆ. ಅವಳು ಒಲ್ಲೆ ಅನ್ನುತ್ತಾಳೆ. ಆರೈಕೆ ಮಾಡುವ ಮನಸ್ಸು ಬೇರೆ, ಬೆಲೆ ಕಟ್ಟಿಸಿಕೊಳ್ಳುವ ಮನಸ್ಸು ಬೇರೆ ಅಂತ ಅವಳಿಗೆ ಗೊತ್ತು. ಜಮೀನು ಎಷ್ಟು ಎಕರೆ, ನೀರಾವರಿಯೋ ಖುಷ್ಕಿಯೋ ಅಂತ ಕೇಳಿಕೊಂಡು ಹೆಣ್ಣು ನೋಡಲು ಬರುವ ನಮ್ಮ ಕಡೆಯ ಗಂಡಿನವರೆಲ್ಲ ಒಂದು ಸಲ ಓದಬೇಕಾದ ಕಥೆ ಇದು.

ಕಾವೇರಿಯ ಕಥೆ

ಇವೆಲ್ಲಕ್ಕಿಂತ ನಮ್ಮ ಮನಸ್ಸಿಗೆ ನಾಟಿದ್ದು 'ಶರಪಂಜರ'. ಅದರ ನಾಯಕಿ ಕಾವೇರಿ. ಓದಿದವಳು, ಚೆಲುವೆ, ಒಳ್ಳೆಯ ಗಂಡ ಸತೀಶ, ತುಂಬಿದ ಮನೆ. ಮದುವೆಗೆ ಮುಂಚೆ ನಡೆದುಹೋದ ಒಂದು ಘಟನೆ ಅವಳ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದಿರುತ್ತದೆ. ಯಾರಿಗೂ ಹೇಳುವ ಹಾಗಿಲ್ಲ. ಹೆರಿಗೆಯಾದ ಮೇಲೆ ಆ ಮುಳ್ಳು ಕೀವು ಕಟ್ಟಿದ ಹಾಗಾಗಿ ಕಾವೇರಿಯ ಬುದ್ಧಿ ಸ್ಥಿಮಿತ ತಪ್ಪುತ್ತದೆ. ಮಾನಸಿಕ ಆಸ್ಪತ್ರೆಗೆ ಸೇರಿಸುತ್ತಾರೆ. ಚಿಕಿತ್ಸೆಯಾಗಿ ಗುಣವಾಗುತ್ತದೆ.

ಬೇರೆ ಯಾರಾದರೂ ಬರೆದಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು, ಶುಭಂ ಅಂತ. ತ್ರಿವೇಣಿಯವರ ಕಥೆ ನಿಜವಾಗಿ ಶುರುವಾಗುವುದೇ ಇಲ್ಲಿಂದ. ಕಾವೇರಿ ಮನೆಗೆ ಬರುತ್ತಾಳೆ, ಆದರೆ ಮನೆ ಮೊದಲಿನ ಮನೆಯಲ್ಲ. ಅವಳು ನಕ್ಕರೂ ಜನ ನೋಡುತ್ತಾರೆ, ಅತ್ತರೂ ನೋಡುತ್ತಾರೆ. ಸಿಟ್ಟು ಬಂದು ಒಂದು ಮಾತು ಜೋರಾಗಿ ಆಡಿದರೆ ಮತ್ತೆ ಬಂತೇನೋ ಅಂತ ಕಣ್ಸನ್ನೆ. ಆಳುಕಾಳು, ನೆಂಟರಿಷ್ಟರು, ಅಕ್ಕಪಕ್ಕದವರು ಎಲ್ಲರಿಗೂ ಅವಳು ಕಾವೇರಿ ಅಲ್ಲ, ಹುಚ್ಚಾಸ್ಪತ್ರೆಯಿಂದ ಬಂದವಳು. ಹೆತ್ತ ಮಕ್ಕಳೇ ಹೆದರುತ್ತವೆ. ಗಂಡನಾದರೂ ಕೈ ಹಿಡಿಯುತ್ತಾನೋ ಎಂದರೆ ಅವನ ಮನಸ್ಸು ಆಗಲೇ ಬೇರೊಬ್ಬಳ ಕಡೆ ಹೋಗಿರುತ್ತದೆ. ತನ್ನ ಹಳೆಯ ತಪ್ಪೆಂದು ಕಾವೇರಿ ಒಳಗೊಳಗೇ ಬೆಂದು ಹುಚ್ಚಿಯಾದಳು. ಗಂಡ ಕಣ್ಣೆದುರೇ ತಪ್ಪು ಮಾಡಿದರೂ ಅವನು ಬುದ್ಧಿವಂತನಾಗಿಯೇ ಉಳಿದ. ಕೊನೆಗೆ ಅವಳಿಗೆ ಮತ್ತೆ ಆಸ್ಪತ್ರೆಯ ದಾರಿಯೇ ಗತಿಯಾಗುತ್ತದೆ.

ಇದರಲ್ಲಿ ದುಷ್ಟರು ಅಂತ ಯಾರೂ ಇಲ್ಲ ಎಂಬುದನ್ನು ಗಮನಿಸಬೇಕು. ಯಾರೂ ಅವಳಿಗೆ ಹೊಡೆಯಲಿಲ್ಲ, ಅನ್ನಕ್ಕೆ ವಿಷ ಹಾಕಲಿಲ್ಲ. ಎಲ್ಲರೂ ನಮ್ಮ ನಿಮ್ಮಂಥ ಸಂಸಾರಸ್ಥರೇ. ಒಬ್ಬೊಬ್ಬರು ಒಂದೊಂದು ನೋಟ, ಒಂದೊಂದು ಪಿಸುಮಾತು ಎಸೆದರು ಅಷ್ಟೆ. ಪಂಜರದ ಒಂದೊಂದು ಸರಳೂ ಅಂಥ ಒಂದೊಂದು ಬಾಣ. ಡಾಕ್ಟರು ವಾಸಿ ಮಾಡಿದ್ದನ್ನು ಊರಿನ ಜನ ಕೆಡಿಸಿದರು. ತ್ರಿವೇಣಿಯವರು ನಮಗೆ ಹೇಳಿಹೋದ ದೊಡ್ಡ ಮಾತು ಇದೇ ಎಂಬುದು ನಮ್ಮ ಅನಿಸಿಕೆ.

ಅವರು ಇದನ್ನು ಬರೆದ ಕಾಲದ ಸ್ಥಿತಿಯನ್ನೂ ನೆನೆಯಬೇಕು. ಆಗ ಜಾರಿಯಲ್ಲಿದ್ದದ್ದು ಬ್ರಿಟಿಷರು 1912ರಲ್ಲಿ ಮಾಡಿದ ಹುಚ್ಚರ ಕಾಯ್ದೆ. ಬೆಂಗಳೂರಿನಲ್ಲಿ ಮಾನಸಿಕ ಆರೋಗ್ಯದ ಅಖಿಲ ಭಾರತ ಸಂಸ್ಥೆ 1954ರಲ್ಲಿ ಶುರುವಾಗಿತ್ತು. ಅದೂ ಹಳೆಯ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ಈಗಿನ ನಿಮ್ಹಾನ್ಸ್ ಆಯಿತು. ಓದಿದವರೇ ಈ ಕಾಯಿಲೆಯ ಹೆಸರು ಹೇಳಲು ಅಂಜುತ್ತಿದ್ದ ಕಾಲದಲ್ಲಿ ಮನೆಯಲ್ಲಿ ಕೂತು ಬರೆಯುವ ಹೆಣ್ಣುಮಗಳು ಅದನ್ನು ಮನೆಮನೆಯ ಮಾತಾಗಿಸಿದರು.

ಅಂತ್ಯ

1963ರಲ್ಲಿ ತ್ರಿವೇಣಿಯವರಿಗೆ ಹೆಣ್ಣುಮಗು ಹುಟ್ಟಿತು. ಎಷ್ಟೋ ವರ್ಷ ಕಾದು ಪಡೆದ ಮಗು. ಆ ಸಂತೋಷ ಕೆಲವೇ ದಿನ. ಬಾಣಂತನದಲ್ಲೇ, ಜುಲೈ 29ರಂದು, ಅವರು ತೀರಿಹೋದರು. ಮೂವತ್ತೈದು ತುಂಬಲು ಇನ್ನೂ ಒಂದು ತಿಂಗಳಿತ್ತು. ಬಾಣಂತಿಯ ಮನಸ್ಸಿನ ನೋವನ್ನು ನಾಡಿಗೆ ತಿಳಿಸಿಕೊಟ್ಟ ತಾಯಿ ಬಾಣಂತಿಯಾಗಿದ್ದಾಗಲೇ ಹೋದದ್ದು ವಿಧಿಯ ಆಟ ಅನ್ನಬೇಕೋ ಏನೋ. ಅವರು ಅರ್ಧಕ್ಕೆ ಬಿಟ್ಟುಹೋದ ಕಾದಂಬರಿಯ ಹೆಸರು 'ಅವಳ ಮಗಳು'. ಅದನ್ನು ಲೇಖಕಿ ಎಂ.ಸಿ. ಪದ್ಮಾ ಪೂರ್ತಿ ಮಾಡಿದರು.

ಅವರು ಹೋದ ಮೇಲೆ ಅವರ ಕಥೆಗಳು ಇನ್ನೂ ದೊಡ್ಡ ದಾರಿ ಹಿಡಿದವು. 'ಬೆಕ್ಕಿನ ಕಣ್ಣು' ಕಾದಂಬರಿ 1966ರಲ್ಲಿ ಮಲಯಾಳದಲ್ಲಿ 'ಪೂಚಕ್ಕಣ್ಣಿ' ಎಂಬ ಸಿನಿಮಾ ಆಯಿತು. ಮಾಡಿದವರು ಕಣಗಾಲ್ ಪುಟ್ಟಣ್ಣ. 1967ರಲ್ಲಿ ಅವರೇ 'ಬೆಳ್ಳಿ ಮೋಡ' ತೆಗೆದರು. 1968ರಲ್ಲಿ ಡಾ. ರಾಜಕುಮಾರ್ ಅಭಿನಯದ 'ಹಣ್ಣೆಲೆ ಚಿಗುರಿದಾಗ' ಬಂತು. 1971ರಲ್ಲಿ 'ಶರಪಂಜರ' ಬಂತು. ಕಾವೇರಿಯ ಪಾತ್ರದಲ್ಲಿ ಕಲ್ಪನಾ ಅಭಿನಯ ನೋಡಿ ಅಳದವರೇ ಇರಲಿಲ್ಲ. ಅಕ್ಷರ ಬಾರದ ನಮ್ಮ ಅವ್ವಂದಿರಿಗೂ ತ್ರಿವೇಣಿಯವರ ಮಾತು ಮುಟ್ಟಿದ್ದು ಟೆಂಟಿನಲ್ಲಿ, ಟಾಕೀಸಿನಲ್ಲಿ. 1993ರಲ್ಲಿ 'ಹೂವು ಹಣ್ಣು' ಕೂಡ ಲಕ್ಷ್ಮಿಯವರ ಅಭಿನಯದಲ್ಲಿ ತೆರೆಗೆ ಬಂತು. ಬರೆದವರು ಹೋಗಿ ಮೂವತ್ತು ವರ್ಷವಾದ ಮೇಲೂ ಕಥೆ ಹಳತಾಗಿರಲಿಲ್ಲ.

ನಮಗೂ ಅವರಿಗೂ ಏನು ಸಂಬಂಧ?

ತ್ರಿವೇಣಿಯವರ ಪುಸ್ತಕದಲ್ಲಿ ನಾಟಿ ಇಲ್ಲ, ಕಳೆ ಇಲ್ಲ, ಕಬ್ಬಿನ ಗದ್ದೆ ಇಲ್ಲ, ಕೂಲಿಯ ಹೆಣ್ಣಾಳು ಇಲ್ಲ. ಅವರ ಹೆಣ್ಣುಮಕ್ಕಳು ಹೆಚ್ಚಾಗಿ ಪಟ್ಟಣದವರು, ಓದಿದ ಮನೆಯವರು, ಕಾಫಿ ಕುಡಿಯುತ್ತಾ ಕೂತು ಮಾತಾಡುವವರು. ಇದು ನಮ್ಮ ಕಥೆಯಲ್ಲ ಅಂತ ಯಾರಾದರೂ ಅಂದರೆ ಆ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಬೆವರಿನ ಕಷ್ಟ ಬರೆದವರು ಬೇರೆ ಇದ್ದಾರೆ. ನಮ್ಮ ಮದ್ದೂರು ತಾಲ್ಲೂಕಿನ ಡಾಕ್ಟರ್ ಬೆಸಗರಹಳ್ಳಿ ರಾಮಣ್ಣನವರ ಕಥೆಗಳನ್ನು ಓದಿದರೆ ನಮ್ಮ ಹಳ್ಳಿ ಕಾಣುತ್ತದೆ. ಆದರೆ ಮನಸ್ಸಿನ ಕಾಯಿಲೆ ಪಟ್ಟಣ, ಹಳ್ಳಿ, ಜಾತಿ, ಜಮೀನು ನೋಡಿ ಬರುವುದಿಲ್ಲ. ಬಾಣಂತಿ ಎಲ್ಲಿದ್ದರೂ ಬಾಣಂತಿಯೇ.

ಕಾವೇರಿಗೆ ಬಂದ ಕಾಯಿಲೆಗೆ ನಮ್ಮ ಕಡೆ ಬಹಳ ಹಿಂದಿನಿಂದಲೂ ಹೆಸರಿದೆ, ಬಾಣಂತಿ ಸನ್ನಿ. ಸಾವಿರ ಹೆರಿಗೆಗೆ ಒಬ್ಬರಿಗೋ ಇಬ್ಬರಿಗೋ ಇದು ಬರುತ್ತದೆ ಎಂದು ವೈದ್ಯರು ಹೇಳುತ್ತಾರೆ. ಹೆರಿಗೆಯಾದ ಕೆಲವು ದಿನಕ್ಕೆ ನಿದ್ದೆ ಕೆಡುತ್ತದೆ, ಮಾತು ತಪ್ಪುತ್ತದೆ, ಇಲ್ಲದ್ದು ಕಂಡ ಹಾಗೆ ಆಗುತ್ತದೆ, ಕೂಸಿನ ಮೇಲೆ ವಿನಾಕಾರಣ ಅನುಮಾನವೋ ಭಯವೋ ಬರುತ್ತದೆ. ಆಗ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ತಾಯಿ, ಕೂಸು ಇಬ್ಬರ ಜೀವದ ಪ್ರಶ್ನೆ ಅದು. ಔಷಧಿ ಕೊಟ್ಟರೆ ಹೆಚ್ಚಿನವರು ಪೂರ್ತಿ ವಾಸಿಯಾಗುತ್ತಾರೆ. ನಾವು ಏನು ಮಾಡುತ್ತೇವೆ? ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸುತ್ತೇವೆ, ಮಂತ್ರ ಹಾಕಿಸುತ್ತೇವೆ, ಕೊನೆಗೆ ತೌರಿಗೆ ಕಳುಹಿಸಿ ಕೈ ತೊಳೆದುಕೊಳ್ಳುತ್ತೇವೆ. ದೇವರಿಗೆ ಹರಕೆ ಹೊರುವುದು ಬೇಡ ಅಂತ ನಾವು ಹೇಳುತ್ತಿಲ್ಲ. ಹರಕೆಯ ಜೊತೆಗೆ ಗುಳಿಗೆಯೂ ಇರಲಿ ಅಂತ ಹೇಳುತ್ತಿದ್ದೇವೆ.

ಕೆಲವು ವರ್ಷಗಳ ಹಿಂದೆ ಬೇರೊಂದು ಹೋಬಳಿಯ ಊರಿನಲ್ಲಿ ನಡೆದ ಸಂಗತಿ ನಮ್ಮ ಕಿವಿಗೆ ಬಿತ್ತು. ಊರಿನ ಹೆಸರು ಬೇಡ, ಆ ಮನೆಯ ಹೆಸರೂ ಬೇಡ. ಒಬ್ಬ ಹೆಣ್ಣುಮಗಳು ಇದೇ ಕಾಯಿಲೆಯಾಗಿ ಆಸ್ಪತ್ರೆಯಲ್ಲಿದ್ದು, ವಾಸಿಯಾಗಿ ಮನೆಗೆ ಬಂದಳು. ಮೊದಲಿನಂತೆ ಹಸು ಕಟ್ಟಿ, ಹಾಲು ಕರೆದು, ಡೈರಿಗೆ ತಂದಳು. ಸಾಲಿನಲ್ಲಿ ನಿಂತಿದ್ದವರು ಅವಳಿಂದ ಎರಡು ಮಾರು ದೂರ ಸರಿದು ನಿಂತರು. ಒಬ್ಬರು ಅವಳ ಹಾಲನ್ನು ಬೇರೆ ಕ್ಯಾನಿಗೆ ಹಾಕಬೇಕು ಅಂತಲೂ ಅಂದರಂತೆ. ಹಾಲು ಅಳೆಯುತ್ತಿದ್ದ ಕಾರ್ಯದರ್ಶಿ ಯಾರಿಗೂ ಉತ್ತರ ಕೊಡದೆ ಅವಳ ಹಾಲನ್ನು ಪರೀಕ್ಷೆ ಮಾಡಿ, ಫ್ಯಾಟ್ ಎಷ್ಟು ಬಂತು ಅಂತ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿ, ಎಲ್ಲರ ಹಾಲಿನ ಜೊತೆಗೇ ಸುರಿದು, ಪುಸ್ತಕದಲ್ಲಿ ಬರೆದುಕೊಟ್ಟರು. ಮಾರನೆಯ ದಿನವೂ ಹಾಗೇ ಮಾಡಿದರು. ಒಂದು ವಾರ ಕಳೆಯುವಷ್ಟರಲ್ಲಿ ಸಾಲು ಮೊದಲಿನ ಹಾಗೆ ಆಯಿತಂತೆ.

ಆ ಕಾರ್ಯದರ್ಶಿ ತ್ರಿವೇಣಿಯವರನ್ನು ಓದಿದ್ದಾರೋ ಇಲ್ಲವೋ ನಮಗೆ ಗೊತ್ತಿಲ್ಲ. ಆದರೆ ಕಾವೇರಿಗೆ ಕಾದಂಬರಿಯಲ್ಲಿ ಯಾವುದು ಸಿಗಲಿಲ್ಲವೋ ಅದು ಆ ಹೆಣ್ಣುಮಗಳಿಗೆ ಡೈರಿಯ ಸಾಲಿನಲ್ಲಿ ಸಿಕ್ಕಿತು. ಸಹಕಾರ ಅಂದರೆ ಬೋನಸ್ ಹಂಚಿಕೊಳ್ಳುವುದು ಮಾತ್ರವಲ್ಲ. ನಮ್ಮ ಸಂಘದ ಬೈಲಾದಲ್ಲಿ ಸದಸ್ಯ ಅಂದರೆ ಸದಸ್ಯ ಅಷ್ಟೆ. ವಿಧವೆ ಸದಸ್ಯೆ, ಕಾಯಿಲೆಯಿಂದ ಎದ್ದ ಸದಸ್ಯೆ, ಗಂಡ ಬಿಟ್ಟ ಸದಸ್ಯೆ ಅಂತ ಬೇರೆ ಬೇರೆ ಪುಸ್ತಕ ಇಟ್ಟಿಲ್ಲ. ಗೆಜ್ಜಲಗೆರೆಗೆ ಹೋಗುವ ಹಾಲಿನಲ್ಲಿ ಯಾರ ಮನೆಯ ಹಾಲು ಯಾವುದು ಅಂತ ಯಾರಾದರೂ ಬೇರೆ ಮಾಡಬಲ್ಲರೇ?

ಈಗಿನ ಅನುಕೂಲಗಳು

ತ್ರಿವೇಣಿಯವರ ಕಾಲದಲ್ಲ ಇದು. ಈಗ ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಮಾನಸಿಕ ರೋಗ ವಿಭಾಗ ಇದೆ. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ಮನೋಚೈತನ್ಯ ಎಂಬ ಕಾರ್ಯಕ್ರಮವನ್ನೂ ರಾಜ್ಯ ಸರ್ಕಾರ ಮಾಡಿದೆ. 2017ರಲ್ಲಿ ಹೊಸ ಮಾನಸಿಕ ಆರೋಗ್ಯ ಕಾಯ್ದೆ ಬಂತು. ಚಿಕಿತ್ಸೆ ಪಡೆಯುವುದು ಹಕ್ಕು, ಇಂಥ ರೋಗಿಗಳನ್ನು ಸರಪಳಿಯಲ್ಲಿ ಕಟ್ಟಿಹಾಕುವುದು ಕೂಡದು ಎಂದು ಅದು ಹೇಳುತ್ತದೆ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ ಇದೆ. ನಂಬರು 14416. ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಡೈರಿಯ ಬೋರ್ಡಿನಲ್ಲಿ ಹಾಲಿನ ದರದ ಪಕ್ಕದಲ್ಲೇ ಬರೆಸಬೇಕು ಎಂದು ನಾವು ಆಡಳಿತ ಮಂಡಳಿಯ ಮುಂದೆ ಇಡಲಿದ್ದೇವೆ. ಸದಸ್ಯರು ಬೆಂಬಲ ಕೊಡಬೇಕು. ಬಾಣಂತಿ ಇರುವ ಮನೆಗೆ ಬರುವ ಆಶಾ ಕಾರ್ಯಕರ್ತೆಯ ಹತ್ತಿರ ಕೂಸಿನ ತೂಕದ ಜೊತೆಗೆ ತಾಯಿಗೆ ನಿದ್ದೆ ಬರುತ್ತದೆಯೇ, ಮನಸ್ಸು ನೆಟ್ಟಗಿದೆಯೇ ಎಂಬುದನ್ನೂ ಮನೆಯವರು ಹೇಳಬೇಕು.

ಆಸ್ಪತ್ರೆ, ಕಾಯ್ದೆ, ಫೋನು ಎಲ್ಲವೂ ಬಂದವು. ಬಾರದೇ ಇರುವುದು ಒಂದೇ, ನಮ್ಮ ನಾಲಿಗೆಗೆ ಹಿಡಿತ. ಅದನ್ನು ಸರ್ಕಾರ ಕೊಡಲಾರದು, ಒಕ್ಕೂಟ ಕೊಡಲಾರದು. ನಾವೇ ತಂದುಕೊಳ್ಳಬೇಕು.

ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ತ್ರಿವೇಣಿಯವರ ಪುಸ್ತಕಗಳಿದ್ದರೆ ತೆಗೆದು ಓದಿ, ಇಲ್ಲದಿದ್ದರೆ ತರಿಸಲು ಕೇಳಿ. ಹೆಂಗಸರು ಓದಿದ್ದಾಯಿತು, ಅತ್ತದ್ದೂ ಆಯಿತು. ಈಗ ಗಂಡಸರು ಓದುವ ಸರದಿ. ಹಾಲು ಹಾಕಿ, ಪುಸ್ತಕಕ್ಕೆ ಬರೆಸಿಕೊಂಡು, ಅರಳಿಕಟ್ಟೆ ಮೇಲೆ ಕೂತು ಯಾರ ಮನೆಯ ಹೆಣ್ಣುಮಗಳ ಬಗ್ಗೆಯಾದರೂ ಮಾತು ಎತ್ತುವ ಮೊದಲು ಒಂದು ಗಳಿಗೆ ಕಾವೇರಿಯನ್ನು ನೆನೆದರೆ ಸಾಕು. ಬೆಳ್ಳೂರಿನ ಮನೆತನದ ಆ ಮಗಳಿಗೆ ನಮ್ಮ ಸಂಘದ ಬೆಳ್ಳಿಹಬ್ಬದ ನಮಸ್ಕಾರ ಅದೇ ಆಗುತ್ತದೆ.

ಜೈ ಸಹಕಾರ.